ಎಡಮಗ್ಗುಲಿಗೆ ಮಲಗಿ ಓದಲು ಒಂದು ಯಂತ್ರ

ಜೂನ್ 9, 2025, ಸೋಮವಾರ

ಬಿಪಿ 110/70. ಹೊಟ್ಟೆನೋವು ಇಲ್ಲ. ರಕ್ತ ಇಲ್ಲ.

ಇಷ್ಟನ್ನು ದಿನಾ ಬರೆದಿಡಬೇಕೆಂದು ಡಾಕ್ಟರಮ್ಮ ಹೇಳಿದ್ದಾರೆ. ಅದಕ್ಕೇ ಈ ನೋಟ್‌ಬುಕ್ಕು. ಹದಿನಾಲ್ಕು ವಾರ ಮುಗಿದಿದೆ. ಗುರುವಾರ ಮೈಸೂರಿನ ಆಸ್ಪತ್ರೆಯಲ್ಲಿ ಹೆಂಡತಿ ಭಾವನಾಳ ಗರ್ಭಚೀಲದ ಬಾಯಿಗೆ, ಗರ್ಭ ಜಾರದಂತೆ, ಹೊಲಿಗೆ ಹಾಕಿ, ನಿನ್ನೆ ಮನೆಗೆ ಕಳಿಸಿದರು. ಇನ್ನು ಹೆರಿಗೆಯ ತನಕ ಹಾಸಿಗೆ. ಬಚ್ಚಲಿಗೆ ಹೋಗಲು ಮಾತ್ರ ಏಳಬಹುದು. ಆದಷ್ಟೂ ಎಡಮಗ್ಗುಲಿಗೆ ಮಲಗಬೇಕು. ಭಾರ ಎತ್ತಬಾರದು. ಗಾಬರಿಯಾಗಬಾರದು.

ಕೊನೆಯದನ್ನು ಮಾಡುವುದು ಹೇಗೆ ಎಂದು ಅವರು ಹೇಳಲಿಲ್ಲ.

ಅತ್ತೆ ಸುನಂದಮ್ಮ ಕೆ.ಆರ್. ನಗರದಿಂದ ಬಂದಿದ್ದಾರೆ. ಅಡುಗೆ, ಮನೆ ಅವರು ನೋಡಿಕೊಳ್ಳುತ್ತಾರೆ. ನಾನು ಬರೆಯುವವನಲ್ಲ. ಎಚ್.ಡಿ. ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟಿನಲ್ಲಿ, ಸುಟ್ಟ ಪಂಪ್‌ಸೆಟ್ ಮೋಟಾರಿಗೆ ಹೊಸ ತಂತಿ ಸುತ್ತುವ ರಿವೈಂಡಿಂಗ್ ಮಾಡುವವನು. ಬಿಲ್ ಬುಕ್ಕು ಬಿಟ್ಟರೆ ಪೆನ್ನು ಹಿಡಿಯುವುದಿಲ್ಲ. ಓದುವವಳು ಭಾವನಾ. ಊರಿನ ಡೈರಿಯಲ್ಲಿ ಹಾಲು ಅಳೆಯುತ್ತಾ, ಜನ ಕರಗಿದ ಮೇಲೆ ಮೇಜಿನ ಕೆಳಗಿನಿಂದ ಕಾದಂಬರಿ ತೆಗೆಯುವವಳು.

ಜೂನ್ 11, ಬುಧವಾರ

ಬಿಪಿ 136/88. ನೋವಿಲ್ಲ. ರಕ್ತ ಇಲ್ಲ.

ಮಧ್ಯಾಹ್ನ ಊಟಕ್ಕೆ ಬಂದಾಗ ಭಾವನಾ ಗೋಡೆ ಕಡೆ ತಿರುಗಿ ಅಳುತ್ತಿದ್ದಳು. ದಿಂಬಿನ ಕೆಳಗೆ ಫೋನು. ಬೆಳಗಿನಿಂದ ಒಂದಾದ ಮೇಲೊಂದು ವಿಡಿಯೊ ನೋಡಿದ್ದಾಳೆ. ಎಲ್ಲವೂ ಇದೇ ವಿಷಯ.

“ಯಾರೋ ಒಬ್ಬಳು ವಿಡಿಯೊ ಕೆಳುಗೆ ಬರ್ದವ್ಳೆ ಕಣ್ರೀ. ಹೊಲಿಗೆ ಹಾಕುದ್ರೂ ಇಪ್ಪತ್ತನೇ ವಾರುಕ್ಕೆ ಹೋಯ್ತಂತೆ.”

ಫೋನಿನಲ್ಲಿ ಚಾರ್ಜು ಎಷ್ಟಿದೆ ಎಂದು ನೋಡಿದೆ.

ಡಾಕ್ಟರಮ್ಮನಿಗೆ ಫೋನ್ ಮಾಡಿ ಹೇಳಿದರೆ ನನಗೇ ಬೈದರು. “ಮೊದಲು ಆ ಫೋನನ್ನ ಅವರ ಕೈಯಿಂದ ತೆಗೀರಿ. ಓದೋ ಅಭ್ಯಾಸ ಇದೆ ಅಂದ್ರಲ್ಲ, ಪುಸ್ತಕ ಕೊಡಿ.”

ಫೋನನ್ನು ಬೀರುವಿನ ಮೇಲಿಟ್ಟೆ. ಭಾವನಾ ಬೇಡ ಎನ್ನಲಿಲ್ಲ. ಆಮೇಲೆ ಸಂಜೆಯವರೆಗೂ ಫ್ಯಾನು ನೋಡುತ್ತಾ ಮಲಗಿದ್ದಳಂತೆ.

ಜೂನ್ 14, ಶನಿವಾರ

ಬಿಪಿ 124/80. ರಕ್ತ ಇಲ್ಲ. ನೋವು ಇತ್ತೋ ಇಲ್ಲವೋ ಗೊತ್ತಾಗುತ್ತಿಲ್ಲ.

ಪಂಚಾಯ್ತಿ ಲೈಬ್ರರಿಯ ಲಿಂಗಯ್ಯ ಒಂದೇ ಸಲಕ್ಕೆ ನಾಲ್ಕು ಪುಸ್ತಕ ಕೊಟ್ಟರು. ಅದರಲ್ಲಿ ದಪ್ಪದ್ದನ್ನೇ ಭಾವನಾ ಮೊದಲು ಆರಿಸಿಕೊಂಡಳು. ಎಡಮಗ್ಗುಲಿಗೆ ಮಲಗಿ ಬಲಗೈಯಲ್ಲಿ ಹಿಡಿಯಬೇಕು. ಮಣಿಕಟ್ಟು ಸೋತಿತೋ ಏನೋ, ಪುಸ್ತಕ ಜಾರಿ ಅದರ ಮೂಲೆ ಹೊಟ್ಟೆಗೆ ಬಡಿಯಿತು. ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಉಸಿರು ಹಿಡಿದು ಮಲಗಿದಳು. ಅತ್ತೆ ಬಾಗಿಲಲ್ಲಿ, ನಾನು ಕಿಟಕಿ ಹತ್ತಿರ. ಮೂವರೂ ಹಾಗೇ ಹತ್ತು ನಿಮಿಷ ಇದ್ದೆವು. ಏನೂ ಆಗಲಿಲ್ಲ.

ಇನ್ನು ಮೇಲೆ ಪುಸ್ತಕ ಮುಟ್ಟುವುದಿಲ್ಲ ಎಂದಳು.

ಜೂನ್ 15, ಭಾನುವಾರ

ಬಿಪಿ 116/76. ನೋವಿಲ್ಲ. ರಕ್ತ ಇಲ್ಲ.

ನಾಲ್ಕೂ ಪುಸ್ತಕಗಳನ್ನು ಅಂಗಡಿಗೆ ಒಯ್ದು, ತಾಮ್ರದ ತಂತಿ ತೂಗುವ ತಕ್ಕಡಿಯಲ್ಲಿಟ್ಟೆ. 640 ಗ್ರಾಂ, 410, 385, 520. ಒಂದೇ ಕೈಯಲ್ಲಿ, ಮಲಗಿಕೊಂಡು, ಗಂಟೆಗಟ್ಟಲೆ ಹಿಡಿಯಲು ಇದಾವುದೂ ಆಗದು.

ಫೋನಿನಲ್ಲಿ ಹುಡುಕಿದೆ. ಇ-ಬುಕ್ ರೀಡರ್ ಎಂಬ ಯಂತ್ರವಿದೆ. ಸ್ಲೇಟಿನ ಹಾಗೆ. ತೂಕ 160ರಿಂದ 200 ಗ್ರಾಂ. ಫೋನಿನಂತೆ ಕಣ್ಣಿಗೆ ಬೆಳಕು ಹೊಡೆಯುವುದಿಲ್ಲ, ಕಾಗದದ ಮೇಲೆ ಮಸಿಯ ಅಕ್ಷರ ಇದ್ದ ಹಾಗೆಯೇ ಕಾಣುತ್ತದಂತೆ. ಒಂದು ಸಲ ಚಾರ್ಜು ಮಾಡಿದರೆ ವಾರಗಟ್ಟಲೆ ಬರುತ್ತದೆ. ಕೆಲವಕ್ಕೆ ಪಕ್ಕದಲ್ಲಿ ಗುಂಡಿ, ಕೆಲವಕ್ಕೆ ಟಚ್. ಗುಂಡಿ ಒತ್ತಬೇಕಾದರೆ ಹಿಡಿತ ಬದಲಿಸಬೇಕು, ಆಗ ಜಾರುತ್ತದೆ. ಹೆಬ್ಬೆರಳು ಸೋಕಿದರೆ ಸಾಕು, ಹಾಳೆ ತಿರುಗಬೇಕು. ಆದ್ದರಿಂದ ಟಚ್ಚೇ ಆಗಬೇಕು.

ಸಮಾಧಾನವಾಯಿತು. ಇದು ಬಗೆಹರಿಯುವ ಸಮಸ್ಯೆ. ಹತ್ತು ಸಾವಿರದೊಳಗೆ ಸಿಕ್ಕರೆ ತೆಗೆದುಕೊಳ್ಳಬಹುದು.

ಜೂನ್ 18, ಬುಧವಾರ

ಬಿಪಿ 118/78. ನೋವಿಲ್ಲ. ರಕ್ತ ಇಲ್ಲ.

ಹ್ಯಾಂಡ್‌ಪೋಸ್ಟಿನ ಮೊಬೈಲ್ ಅಂಗಡಿಯಲ್ಲಿ ವಿಚಾರಿಸಿದೆ. ಅವನು ಟ್ಯಾಬ್ಲೆಟ್ ತೆಗೆದು ಮುಂದಿಟ್ಟ.

“ಇದು ತಗೊಳ್ಳಿ ಅಣ್ಣ. ಓದ್ಬೌದು, ಪಿಚ್ಚರ್ ನೋಡ್ಬೌದು, ಎಲ್ಲಾ ಆಯ್ತದೆ.”

“ಎಲ್ಲಾ ಆಗ್ಬಾರ್ದು ಕಣಪ್ಪ. ಓದೋದು ಬುಟ್ರೆ ಇನ್ನೇನೂ ಆಗ್ದೇ ಇರೋದು ಬೇಕು.”

ಅವನು ನನ್ನ ಮುಖವನ್ನೇ ನೋಡಿದ. ಇಂಥ ಗಿರಾಕಿ ಅವನಿಗೆ ಹಿಂದೆ ಸಿಕ್ಕಿರಲಿಕ್ಕಿಲ್ಲ. ಎಚ್.ಡಿ. ಕೋಟೆಯಲ್ಲೂ ಇದೇ ಕಥೆ. ಕಣ್ಣಲ್ಲಿ ನೋಡದೆ ಆನ್‌ಲೈನಿನಲ್ಲೇ ತರಿಸಬೇಕು. ಯಾವ ಮೋಟಾರನ್ನೂ ನಾನು ಬಿಚ್ಚಿ ನೋಡದೆ ಇಷ್ಟಾಗುತ್ತದೆ ಎಂದು ಹೇಳಿದವನಲ್ಲ.

ಜೂನ್ 25, ಬುಧವಾರ

ಬಿಪಿ 120/80. ಚಿಕ್ಕಮಾದಿ ನೋಡಿದ್ದು.

ಚಿಕ್ಕಮಾದಿ ನಮ್ಮ ಕಡೆಯ ಆಶಾ ಕಾರ್ಯಕರ್ತೆ. ಕಾಡಂಚಿನ ಬುಡಕಟ್ಟಿನವರ ಹಾಡಿಯವಳು. ಅಲ್ಲಿಂದ ಮೂರು ಕಿಲೋಮೀಟರ್ ನಡೆದು ಬರುತ್ತಾಳೆ. ಹಿಂದಿನ ಎರಡು ಬಸುರಿನಲ್ಲೂ ಭಾವನಾಳ ಜೊತೆ ಆಸ್ಪತ್ರೆಗೆ ಹೋಗಿದ್ದವಳು ಅವಳೇ. ಬಿಪಿ ನೋಡಿ, ಮಾತ್ರೆ ಎಣಿಸಿ, ಹೊರಡುವಾಗ ಜಗಲಿಯಲ್ಲಿ ನನ್ನನ್ನು ಮಾತಿಗೆ ನಿಲ್ಲಿಸಿಕೊಂಡಳು. ನಾನು ಫೋನಿನಲ್ಲಿ ಎರಡು ರೀಡರುಗಳನ್ನು ಹೋಲಿಸುತ್ತಿದ್ದೆ. ಅವಳಿಗೂ ತೋರಿಸಿದೆ.

“ಚೆನ್ನಾಗೈತೆ ಅಣ್ಣ. ನೀವು ಅಕ್ಕನ್ ಪಕ್ಕ ಎಷ್ಟೊತ್ತು ಕುಂತಿರ್ತೀರಿ ದಿನಕ್ಕೆ?”

“ಅಂಗ್ಡಿ ಇರ್ತದಲ್ಲ.”

“ಮಳೆಗಾಲ್ದಲ್ಲಿ ಯಾರ್ ಅಣ್ಣ ಪಂಪ್‌ಸೆಟ್ ಓಡುಸ್ತಾರೆ?”

ಸಿಡಿಲಿಗೆ ಪಂಪಿನ ಸ್ಟಾರ್ಟರುಗಳು ಸುಡುತ್ತವೆ, ಅದು ಅವಳಿಗೆ ಗೊತ್ತಿಲ್ಲ. ಎರಡು ರೀಡರುಗಳಲ್ಲಿ ಒಂದಕ್ಕೆ 8 ಜಿಬಿ, ಇನ್ನೊಂದಕ್ಕೆ 16. ಪುಸ್ತಕಕ್ಕೆ ಎಂಟೇ ಹೆಚ್ಚಾಯಿತು.

ಜುಲೈ 3, ಗುರುವಾರ

ಬಿಪಿ 112/74. ನೋವಿಲ್ಲ. ರಕ್ತ ಇಲ್ಲ. ಹದಿನೆಂಟು ವಾರ.

ಹೆಸರೇ ಕೇಳದ ಯಾವುದೋ ಕಂಪನಿಯ ರೀಡರು ಬಂತು. ಎಲ್ಲಕ್ಕಿಂತ ಅಗ್ಗದ್ದು. ತೂಕ ಸರಿ, ಟಚ್ ಸರಿ. ಆದರೆ ಕನ್ನಡದ ಪುಸ್ತಕ ತೆರೆದರೆ ಒತ್ತಕ್ಷರಗಳೆಲ್ಲ ಕಳಚಿಕೊಂಡು ಒಂದೊಂದೇ ನಿಂತಿವೆ, ಬಿಚ್ಚಿ ಹರವಿದ ಮೋಟಾರಿನ ಸಾಮಾನಿನಂತೆ. ಭಾವನಾ ಕೈಗೆ ತೆಗೆದುಕೊಂಡು, ಅಲ್ಲಿದ್ದುದನ್ನು ಇದ್ದ ಹಾಗೇ ಓದಿದಳು.

“ಸ್ ವಾತಂತ್ ರ್ ಯ... ಇದ್ಯಾವೂರ್ ಸ್ವಾತಂತ್ರ್ಯ ಕಣ್ರೀ?”

ನಕ್ಕಳು. ಜೋರಾಗಿಯೇ ನಕ್ಕಳು. ಒಂದು ತಿಂಗಳಾಗಿತ್ತು ಆ ಸದ್ದು ಕೇಳಿ. ಅಷ್ಟರಲ್ಲಿ ನಕ್ಕರೆ ಹೊಲಿಗೆಗೆ ಏನಾದರೂ ಆದೀತೆಂದು ಹೊಟ್ಟೆ ಹಿಡಿದುಕೊಂಡು ನಗು ನುಂಗಿದಳು. ನಾನು ಯಂತ್ರವನ್ನು ಡಬ್ಬಿಗೆ ಹಾಕಿದೆ. ವಾಪಸು ಕಳಿಸಲು ಏಳು ದಿನ ಕಾಲಾವಕಾಶವಿದೆ.

ಜುಲೈ 5, ಶನಿವಾರ

ಬಿಪಿ 114/76. ನೋವಿಲ್ಲ. ರಕ್ತ ಇಲ್ಲ.

ಸರಿಯಾದ ಯಂತ್ರ ಸಿಗುವ ತನಕ ಒಂದು ತಾತ್ಕಾಲಿಕ ವ್ಯವಸ್ಥೆ ಮಾಡಿದೆ. ಆ 640 ಗ್ರಾಮಿನ ಪುಸ್ತಕವನ್ನು ನಾನೇ ಓದಿ ಹೇಳುವುದು. ನದಿ ದಾಟಿಸುವ ದೋಣಿ ನಡೆಸುವ ಒಬ್ಬ ಹೆಂಗಸಿನ ಕಥೆ. ಸಂಜೆ ಅಂಗಡಿಯಿಂದ ಬಂದು ಕುರ್ಚಿ ಹಾಕಿಕೊಂಡು ನಾಲ್ಕು ಪುಟ ಓದಿದೆ. ಶಾಲೆ ಬಿಟ್ಟ ಮೇಲೆ ಗಟ್ಟಿಯಾಗಿ ಓದಿದವನಲ್ಲ. ಪೂರ್ಣವಿರಾಮ ಬಂದರೂ ನಿಲ್ಲದೆ ಮುಂದಿನ ಸಾಲಿಗೆ ನುಗ್ಗುತ್ತಿದ್ದೆ.

“ಯಾರೂ ಅಟ್ಟುಸ್ಕಂಡ್ ಬತ್ತಿಲ್ಲ ಕಣ್ರೀ,” ಎಂದಳು ಭಾವನಾ.

ಜುಲೈ 10, ಗುರುವಾರ

ಬಿಪಿ 126/82. ಹತ್ತೊಂಬತ್ತು ವಾರ. ಮೊದಲನೆಯದು ಹೋಗಿದ್ದು ಹತ್ತೊಂಬತ್ತಕ್ಕೆ.

ಇವತ್ತು ಒಂಬತ್ತು ಪುಟ ಓದಿದೆ. ಅಂಗಡಿಯಲ್ಲಿ ಕೆಲಸ ಕಮ್ಮಿ ಇತ್ತು, ನಾಲ್ಕಕ್ಕೇ ಬಂದೆ.

ರೀಡರಿನ ವಿಷಯ: ಪಿಡಿಎಫ್ ಪುಸ್ತಕವಾದರೆ ಅಕ್ಷರ ದೊಡ್ಡದು ಮಾಡಿದಾಗ ಸಾಲು ಪರದೆಯ ಆಚೆ ಹೋಗುತ್ತದೆ. ಪ್ರತಿ ಸಾಲಿಗೂ ಬೆರಳಿನಿಂದ ಎಳೆಯಬೇಕು. ಅದು ಬೇಡ. ಇ-ಪಬ್ ಎಂಬ ಇನ್ನೊಂದು ಬಗೆಯಲ್ಲಿ ಸಾಲು ತಾನಾಗಿ ಮಡಚಿಕೊಂಡು ಕೆಳಗೆ ಇಳಿಯುತ್ತದೆ. ಕನ್ನಡ ಸರಿಯಾಗಿ ಮೂಡುವ, ಇ-ಪಬ್ ತೆರೆಯುವ, ಆರು ಇಂಚಿನ ಒಂದು ಒಳ್ಳೆಯದಿದೆ. ಹೊಸದಕ್ಕೆ ಹದಿನೈದು ಸಾವಿರದ ಮೇಲಾಗುತ್ತದೆ. ಹಳೆಯದು ಹುಡುಕಬೇಕು.

ಜುಲೈ 17, ಗುರುವಾರ

ಬಿಪಿ 118/78. ನೋವಿಲ್ಲ. ಇಪ್ಪತ್ತು ವಾರ.

ಹದಿನಾಲ್ಕು ಪುಟ. ದೋಣಿಯ ಹೆಂಗಸಿಗೆ ಎರಡನೇ ಮದುವೆಯ ಮಾತು ಬಂದಿದೆ. ಅವಳು ಒಪ್ಪಬಾರದು ಎಂದು ನನಗೆ. ಒಪ್ಪಲಿ ಬಿಡಿ ಎಂದು ಅತ್ತೆಗೆ. ಅತ್ತೆ ಈಗ ಸಂಜೆ ಸೊಪ್ಪು ಬಿಡಿಸುವುದನ್ನು ಅಡುಗೆಮನೆಯಿಂದ ಈ ಕೋಣೆಗೇ ತಂದಿದ್ದಾರೆ.

ಹಳೆಯ ವಸ್ತು ಮಾರುವ ಜಾಹೀರಾತಿನಲ್ಲಿ ಮೈಸೂರಿನ ವೀರಭದ್ರಸ್ವಾಮಿ ಎಂಬುವವರ ರೀಡರು ಕಂಡಿತು. ನಿವೃತ್ತ ಲೆಕ್ಚರರಂತೆ. ನನಗೆ ಬೇಕಾದದ್ದೇ ಮಾದರಿ. ಏಳು ಸಾವಿರ. ಭಾವನಾಳಿಗೆ ಹೇಳಿದೆ.

“ನಿಧಾನುಕ್ಕೆ ತಕ್ಕಳಿ. ಆತ್ರ ಏನಿಲ್ಲ,” ಎಂದಳು.

ಖರ್ಚಾಗುತ್ತದೆಂದು ಯೋಚಿಸುತ್ತಾಳೆ. ಆತುರ ಇಲ್ಲದೆ ಏನು? ತಾತ್ಕಾಲಿಕ ವ್ಯವಸ್ಥೆಯನ್ನು ಎಷ್ಟು ದಿನ ಎಳೆಯುವುದು?

ಜುಲೈ 23, ಬುಧವಾರ

ಬಿಪಿ 134/86.

ವೀರಭದ್ರಸ್ವಾಮಿಯವರ ಜೊತೆ ಮಾತಾಡಿದೆ. ಶುಕ್ರವಾರವಾದರೂ ಬನ್ನಿ, ಶನಿವಾರವಾದರೂ ಬನ್ನಿ ಎಂದರು. ನಾಳೆಯೇ ಬರುತ್ತೇನೆ ಎಂದೆ. ಬೆಳಿಗ್ಗೆ ಎಂಟರ ಬಸ್ಸು.

ಜುಲೈ 24, ಗುರುವಾರ

ಇವತ್ತು ಇಪ್ಪತ್ತೊಂದು ವಾರ.

ಹೊರಡುವಾಗ ಭಾವನಾ ಛತ್ರಿ ತಗೊಂಡ್ರಾ ಎಂದು ಮಾತ್ರ ಕೇಳಿದಳು. ಬಸ್ಸಿನಲ್ಲಿ ಎಲ್ಲರೂ ಕಬಿನಿ ನೀರಿನ ಮಾತೇ ಆಡುತ್ತಿದ್ದರು. ಕಿಟಕಿ ಪಕ್ಕ ಸೀಟು ಸಿಕ್ಕಿತು. ರೀಡರು ಕೈಗೆ ಬಂದಾಗ ಏನೇನು ಪರೀಕ್ಷೆ ಮಾಡಬೇಕೆಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ತೆಗೆದು ಓದಿದೆ. ಪರದೆಯ ನಾಲ್ಕು ಮೂಲೆ ಮುಟ್ಟಬೇಕು. ಚಾರ್ಜಿಂಗ್ ಪಿನ್ ಅಲುಗಾಡುತ್ತದೆಯೇ ನೋಡಬೇಕು. ಅರ್ಧಕ್ಕೇ ಚೀಟಿ ಮಡಚಿ ಜೇಬಿಗೆ ಹಾಕಿದೆ.

ಹಂಪಾಪುರದಲ್ಲಿ ಇಳಿದುಬಿಟ್ಟೆ.

ಎರಡು ವರ್ಷದ ಹಿಂದೆ, ಎರಡನೆಯದು ಇಪ್ಪತ್ತೊಂದನೇ ವಾರದಲ್ಲಿ ಹೋದ ದಿನ, ನಾನು ಪಿರಿಯಾಪಟ್ಟಣದ ಹತ್ತಿರ ಒಂದು ತೋಟದಲ್ಲಿ ಬೋರ್‌ವೆಲ್ಲಿನಿಂದ ಮೋಟಾರು ಎತ್ತಿಸುತ್ತಿದ್ದೆ. ಅತ್ತೆ ಹನ್ನೊಂದು ಸಲ ಫೋನ್ ಮಾಡಿದ್ದರು. ಸದ್ದಿಗೆ ಕೇಳಿಸಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ಅದು ಸುಳ್ಳು. ನಾಲ್ಕನೆಯ ಸಲ ನೋಡಿದೆ. ಏನೆಂದು ಗೊತ್ತಾಯಿತು. ಗೊತ್ತಾದ್ದರಿಂದಲೇ ಎತ್ತಲಿಲ್ಲ. ಮೋಟಾರು ಪೂರ್ತಿ ಮೇಲೆ ಬಂದ ಮೇಲೆ ಹೊರಟೆ. ಆಸ್ಪತ್ರೆಯಲ್ಲಿ ನರ್ಸು ಬಿಳಿ ಬಟ್ಟೆಯಲ್ಲಿ ಸುತ್ತಿದ್ದುದನ್ನು ತೋರಿಸಲು ತಂದರು. ಬೇಡ ಎಂದು ವರಾಂಡಕ್ಕೆ ಹೋದೆ. ಭಾವನಾ ಒಬ್ಬಳೇ ನೋಡಿದಳು. ಹೇಗಿತ್ತು ಎಂದು ನಾನು ಇವತ್ತಿನವರೆಗೂ ಕೇಳಿಲ್ಲ.

ವಾಪಸು ಬರುವ ಬಸ್ಸು ನಲವತ್ತು ನಿಮಿಷ ತಡ. ಮನೆಗೆ ಬಂದಾಗ ಅತ್ತೆ ಗಾಬರಿಯಾದರು.

“ಯಾಕಪ್ಪ ಅಳಿಯಂದ್ರೇ, ಅರ್ಧ ದಾರಿಗೇ ಬಂದ್ಬುಟ್ರಿ? ಏನಾರಾ ಮರ್ತೋಗಿದ್ರಾ?”

“ಊಂ ಕಣತ್ತೆ,” ಎಂದೆ.

ಕೋಣೆಗೆ ಹೋಗಿ ಕುರ್ಚಿ ಎಳೆದುಕೊಂಡೆ. ಭಾವನಾ ನನ್ನ ಮುಖವನ್ನೇ ನೋಡಿದಳು. ಪುಸ್ತಕ ತೆಗೆದು ಓದತೊಡಗಿದೆ. ಹತ್ತೂವರೆಯಿಂದ ಊಟದವರೆಗೆ, ಊಟದಿಂದ ದೀಪ ಹಚ್ಚುವವರೆಗೆ. ನಡುವೆ ಒಂದೆರಡು ಸಲ ನಿಂತೆ. ನಿಂತಾಗಲೆಲ್ಲ ಅವಳು, “ಮುಂದುಕ್ಕೆ,” ಎಂದಳು.

ಮೂವತ್ತೆಂಟು ಪುಟ. ಬಿಪಿ ನೋಡುವುದು ಮರೆತುಹೋಯಿತು.

ಜುಲೈ 25, ಶುಕ್ರವಾರ

ಬಿಪಿ 116/76. ನೋವಿಲ್ಲ. ರಕ್ತ ಇಲ್ಲ. ರಕ್ತ ಇಲ್ಲ.

ಆಗಸ್ಟ್ 10, ಭಾನುವಾರ

ರೀಡರು ಇನ್ನೂ ಮಾರಾಟವಾಗಿಲ್ಲ ಎಂದು ವೀರಭದ್ರಸ್ವಾಮಿಯವರೇ ಫೋನ್ ಮಾಡಿದರು. ಭಾವನಾಳನ್ನು ಕೇಳಿ, ಚಿಕ್ಕಮಾದಿಯನ್ನು ಮನೆಯಲ್ಲಿ ಕೂರಿಸಿ ಹೋದೆ. ಎಪ್ಪತ್ತು ದಾಟಿದ ಮನುಷ್ಯ. ಕಣ್ಣು ಮಂಜಾಗಿ, ಅಕ್ಷರ ಎಷ್ಟು ದೊಡ್ಡದು ಮಾಡಿದರೂ ಸಾಲದಂತೆ, ಅದಕ್ಕೇ ಮಾರುತ್ತಿದ್ದಾರೆ. ನಾನು ಚೀಟಿ ಹಿಡಿದು ಒಂದೊಂದೇ ಪರೀಕ್ಷೆ ಮಾಡುವುದನ್ನು ತಾಳ್ಮೆಯಿಂದ ನೋಡುತ್ತಾ ಕುಳಿತಿದ್ದರು. ಮೂಲೆಗಳು ಸರಿ. ಪಿನ್ ಸರಿ. ಮುಟ್ಟಿದ ಮೇಲೆ ಚೂರು ತಡೆದು ಹಾಳೆ ತಿರುಗುತ್ತದೆ, ಅದು ಈ ಯಂತ್ರದ ಜಾತಿಗುಣವಂತೆ. ಒತ್ತಕ್ಷರ ನೋಡಲು ಒಂದು ಪುಟ ಗಟ್ಟಿಯಾಗಿ ಓದಿದೆ.

“ಚೆನ್ನಾಗಿ ಓದ್ತೀರಿ. ನಾಟಕದ ಅಭ್ಯಾಸ ಇದೆಯಾ?”

“ಇಲ್ಲ ಸಾರ್. ನಂದು ಮೋಟಾರ್ ರಿವೈಂಡಿಂಗು.”

“ಇನ್ನೊಂದು ಪುಟ ಓದಿ,” ಎಂದರು. ಒತ್ತಕ್ಷರವೆಲ್ಲ ಸರಿಯಾಗಿಯೇ ಇತ್ತು, ಆದರೂ ಓದಿದೆ. ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಬೆಲೆಯಲ್ಲಿ ಐನೂರು ಬಿಟ್ಟುಕೊಟ್ಟರು. ಪುಸ್ತಕಗಳನ್ನು ತುಂಬುವುದು ಹೇಗೆಂದು ಅವರೇ ಹೇಳಿಕೊಟ್ಟರು.

ಬಿಪಿ 114/74, ಚಿಕ್ಕಮಾದಿ ಬರೆದಿಟ್ಟಿದ್ದಳು.

ಆಗಸ್ಟ್ 11, ಸೋಮವಾರ

ಭಾವನಾಳಿಗೆ ಯಂತ್ರ ಕೊಟ್ಟೆ. ಎಡಮಗ್ಗುಲಿಗೆ ಮಲಗಿ, ಬಲಗೈಯಲ್ಲಿ ಹಿಡಿದು, ಹೆಬ್ಬೆರಳು ಸೋಕಿಸಿದಳು. ಹಾಳೆ ತಿರುಗಿತು. “ಅಯ್ಯೋ!” ಎಂದು ಮತ್ತೆ ಹಿಂದಕ್ಕೆ ತಿರುಗಿಸಿದಳು, ಮುಂದಕ್ಕೆ ತಿರುಗಿಸಿದಳು. ಅಕ್ಷರ ದೊಡ್ಡದು ಮಾಡಿದಳು. ಹೂವಿನಂಗೆ ಹಗುರಾಗೈತೆ ಎಂದಳು. ಒಂದು ಗಂಟೆ ತಾನೇ ಓದಿದಳು.

ಇದಕ್ಕಾಗಿ ಎರಡು ತಿಂಗಳು ಒದ್ದಾಡಿದ್ದೆ. ಕೆಲಸ ಮುಗಿಯಿತು. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ. ಕೈಯಲ್ಲಿ ಏನೂ ಇರಲಿಲ್ಲ. ಅಂಗಡಿಗೆ ಹೋದೆ. ಒಂದು ಬೇರಿಂಗು ಕೂರಿಸಲು ಮೂರು ಸಲ ತಪ್ಪಿದೆ. ಯಾಕೋ ಗೊತ್ತಿಲ್ಲ. ನಿದ್ದೆ ಸಾಲದಿರಬಹುದು.

ಆಗಸ್ಟ್ 14, ಗುರುವಾರ

ಇಪ್ಪತ್ತನಾಲ್ಕು ವಾರ.

ಸಂಜೆ ಬಂದಾಗ ಭಾವನಾ ರೀಡರನ್ನು ನನ್ನ ಕಡೆ ಚಾಚಿದಳು.

“ಯಾಕೋ ಕಣ್ಣು ನೋಯ್ತದೆ ಕಣ್ರೀ. ನೀವೇ ಓದಿ.”

ಓದಿದೆ. ಆದರೆ ಕಣ್ಣು ನೋಯಬಾರದಲ್ಲ. ಪರದೆಯ ಅಂಚಿನಲ್ಲಿರುವ ಸಣ್ಣ ದೀಪದ ಬೆಳಕನ್ನು ಹತ್ತರಿಂದ ನಾಲ್ಕಕ್ಕೆ ಇಳಿಸಿದೆ.

ಆಗಸ್ಟ್ 20, ಬುಧವಾರ

ಬೆಳಕು ಎರಡಕ್ಕೆ ಇಳಿಸಿದರೂ ನೋಯುತ್ತದಂತೆ. ಸಾಲುಗಳ ನಡುವಿನ ಜಾಗ ಹೆಚ್ಚಿಸಿದೆ. ಅಕ್ಷರದ ದಪ್ಪ ಬದಲಿಸಿದೆ. ನಾನು ಅಂಗಡಿಯಲ್ಲಿದ್ದಾಗ ಓದುತ್ತಾಳಂತೆ, ಆಗ ನೋಯುವುದಿಲ್ಲ. ಸಂಜೆಯೇ ನೋವು. ಕೋಣೆಯ ಬಲ್ಬಿನ ಬೆಳಕು ಪರದೆಗೆ ಹೊಡೆಯುತ್ತಿರಬೇಕು. ಹಳದಿ ಬೆಳಕಿರುವ ಇನ್ನೊಂದು ಮಾದರಿ ಇದೆ. ಅದನ್ನು ನೋಡುತ್ತಿದ್ದಾಗ ಚಿಕ್ಕಮಾದಿ ಬಂದಳು. ವಿಷಯ ಹೇಳಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

“ಬುಡಿ ಅಣ್ಣ, ಮಿಶನ್ ಕೆಟ್ಟಿಲ್ಲ.”

“ಮತ್ತೆ?”

“ನೀವು ಓದಿ ಅಂದ್ರೆ ಓದಿ ಅತ್ಲಾಗೆ.”

ಅವಳಿಗೆ ಇವೆಲ್ಲ ಏನು ಗೊತ್ತು. ಆದರೂ ಹೊಸ ಮಾದರಿ ಸದ್ಯಕ್ಕೆ ಬೇಡ. ದೋಣಿಯ ಹೆಂಗಸಿನ ಪುಸ್ತಕ ಮುಗಿಯಿತು. ರೀಡರಿನಲ್ಲಿ ಬೇರೆ ಶುರುಮಾಡಿದ್ದೇವೆ.

ಸೆಪ್ಟೆಂಬರ್ 8, ಸೋಮವಾರ

ಇಪ್ಪತ್ತೇಳು ವಾರ ದಾಟಿತು. ಓದುತ್ತಿರುವಾಗ ಭಾವನಾ ನನ್ನ ಕೈ ಎಳೆದು ಹೊಟ್ಟೆಯ ಮೇಲಿಟ್ಟುಕೊಂಡಳು. ಒಳಗಿನಿಂದ ಒದೆಯಿತು. ನಾನು ಓದು ನಿಲ್ಲಿಸಿದೆ. ಅದೂ ನಿಂತಿತು. ಮತ್ತೆ ಓದಿದೆ. ಮತ್ತೆ ಒದೆಯಿತು.

ನನಗೆ ಹೆದರಿಕೆ ಹೆಚ್ಚಾಗಿದೆ. ಮೊದಲು ಭಾವನಾಳಿಗೆ ಏನಾದರೂ ಆದರೆ ಎಂದಿತ್ತು. ಈಗ ಇಬ್ಬರು.

ಸೆಪ್ಟೆಂಬರ್ 20, ಶನಿವಾರ

ಬೆಳಿಗ್ಗೆ ಏಳಕ್ಕೆ ರಕ್ತ.

ಅತ್ತೆ ಕೂಗಿದರು. ನಾನು ಅಂಗಡಿಗೆ ಹೊರಡಲು ಚಪ್ಪಲಿ ಹಾಕುತ್ತಿದ್ದೆ. ಆಂಬುಲೆನ್ಸಿಗೆ ಫೋನ್ ಮಾಡಿದೆ, ಚಿಕ್ಕಮಾದಿಗೆ ಮಾಡಿದೆ. ಅವಳು ಹಾಡಿಯಿಂದ ಯಾರದೋ ಬೈಕಿನಲ್ಲಿ ಬಂದು, ಆಂಬುಲೆನ್ಸ್ ಬರುವ ಮೊದಲೇ ನಮ್ಮ ಅಂಗಳದಲ್ಲಿದ್ದಳು. ಗಾಡಿಯ ಹಿಂಬದಿಯಲ್ಲಿ ಭಾವನಾಳ ಜೊತೆ ಒಬ್ಬರೇ ಕೂರಬೇಕು ಎಂದರು ಡ್ರೈವರು. ಚಿಕ್ಕಮಾದಿ ಒಂದು ಕಾಲು ಮೇಲಿಟ್ಟವಳು ಇಳಿದು ನನ್ನ ಮುಖ ನೋಡಿದಳು.

“ನಾನೇ ಕೂರ್ತೀನಿ. ನೀನು ಮುಂದೆ ಕೂತ್ಕೊ ಚಿಕ್ಕಮಾದಿ,” ಎಂದೆ.

ಒಂದೂವರೆ ಗಂಟೆಯ ದಾರಿ. ಭಾವನಾ ನನ್ನ ಶರ್ಟಿನ ತೋಳು ಹಿಡಿದಿದ್ದಳು.

“ಏನಾರಾ ಯೋಳಿ,” ಎಂದಳು.

ಯಂತ್ರ ಮನೆಯಲ್ಲೇ ಉಳಿದಿತ್ತು. ಕೊನೆಯ ಸಲ ಎಲ್ಲಿಗೆ ನಿಲ್ಲಿಸಿದ್ದೆವೋ ಅಲ್ಲಿಂದ ಮುಂದಕ್ಕೆ, ನನಗೆ ತೋಚಿದ ಹಾಗೆ ಹೇಳುತ್ತಾ ಹೋದೆ. ಯಾರ್‍ಯಾರನ್ನೋ ತಂದೆ, ಯಾರ್‍ಯಾರನ್ನೋ ಕಳಿಸಿದೆ. ತಲೆಬುಡ ಇರಲಿಲ್ಲ. ಅವಳು ನನ್ನ ಬಾಯಿಂದ ಕಣ್ಣು ತೆಗೆಯಲಿಲ್ಲ. ಮೈಸೂರಿನ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡಾಗಲೂ ನಿಲ್ಲಿಸಲಿಲ್ಲ.

ರಕ್ತ ನಿಂತಿದೆ. ಮಗುವಿನ ಎದೆಬಡಿತ ಇದೆ. ಶ್ವಾಸಕೋಶ ಬಲಿಯಲೆಂದು ಇಂಜೆಕ್ಷನ್ ಕೊಟ್ಟಿದ್ದಾರೆ. ಇನ್ನು ಹೆರಿಗೆಯ ತನಕ ಇಲ್ಲೇ. ಒಂದೊಂದು ದಿನ ಒಳಗಿದ್ದಷ್ಟೂ ಒಳ್ಳೆಯದು ಎಂದರು ಡಾಕ್ಟರಮ್ಮ.

ಅಂಗಡಿಯ ಬೀಗದ ಕೈ ಎಲ್ಲಿಟ್ಟೆನೋ ನೆನಪಿಲ್ಲ.

ಸೆಪ್ಟೆಂಬರ್ 22, ಸೋಮವಾರ

ಅತ್ತೆ ಬಟ್ಟೆಯ ಜೊತೆ ರೀಡರನ್ನೂ ತಂದರು. ಮನೆಯಲ್ಲಿ ಓದು ನಿಂತಿದ್ದ ಜಾಗದಿಂದ ನಿಜವಾದ ಕಥೆ ಓದಿದೆ. ಭಾವನಾ ಸ್ವಲ್ಪ ಕೇಳಿ, “ನೀವು ಯೋಳಿದ್ದೇ ಚೆನ್ನಾಗಿತ್ತು,” ಎಂದಳು.

ಅಕ್ಟೋಬರ್ 1, ಬುಧವಾರ

ಮೂವತ್ತು ವಾರ ಆರು ದಿನ. ವಾರ್ಡಿನಲ್ಲಿ ಆರು ಮಂಚ. ಸಂದರ್ಶಕರ ಹೊತ್ತಿನಲ್ಲಿ ಮೆಲ್ಲಗೆ ಓದುತ್ತಿದ್ದೆ. ಕೊನೆಯ ಮಂಚದಲ್ಲಿ ಹುಣಸೂರಿನ ಕಡೆಯ ಒಬ್ಬಾಕೆ ಇದ್ದಾರೆ, ಅವಳಿ ಮಕ್ಕಳ ಬಸುರಿ. “ಅಣ್ಣ, ವಸಿ ಜೋರಾಗಿ ಓದಿ, ಈ ಕಡೀಕೆ ಕೇಳಾಕಿಲ್ಲ,” ಎಂದರು. ನಾಚಿಕೆಯಾಯಿತು. ಆದರೂ ಓದಿದೆ. ನರ್ಸು ಕೂಡ ಬಾಗಿಲಲ್ಲಿ ನಿಂತು ಒಂದು ಪುಟ ಕೇಳಿಸಿಕೊಂಡು ಹೋದರು.

ನಾಳೆ ವಿಜಯದಶಮಿಯಂತೆ. ಊರೆಲ್ಲ ಜನ. ನನ್ನ ಲೆಕ್ಕದಲ್ಲಿ ನಾಳೆ ಮೂವತ್ತೊಂದು ವಾರ.

ಅಕ್ಟೋಬರ್ 10, ಶುಕ್ರವಾರ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಹೆಣ್ಣು.

ನೋವು ನಿಲ್ಲಲಿಲ್ಲ, ಮಗು ಅಡ್ಡ ಇತ್ತು, ಆಪರೇಷನ್ ಮಾಡಿ ತೆಗೆದರು. ಒಂದು ಕೆಜಿ ಆರುನೂರ ನಲವತ್ತು. ಅತ್ತಿತು, ಬಾಗಿಲ ಹೊರಗೆ ನಿಂತು ನಾನು ಕೇಳಿದೆ. ಎಳೆಮಕ್ಕಳ ಐಸಿಯುಗೆ ಒಯ್ದರು. ಉಸಿರಾಟಕ್ಕೆ ನಳಿಕೆ ಹಾಕಿದ್ದಾರೆ. ಎರಡು ದಿನ ಏನೂ ಹೇಳಲಾಗದಂತೆ.

ಅಕ್ಟೋಬರ್ 11, ಶನಿವಾರ

ಭಾವನಾಳಿಗೆ ಜ್ವರ. ಇಳಿಯುವ ತನಕ ಅವಳನ್ನು ಐಸಿಯು ಒಳಗೆ ಬಿಡುವುದಿಲ್ಲ. ಫೋನು ಒಯ್ಯುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ತಂದೆ ಬರಬಹುದು ಎಂದರು.

ಕೈ ತೊಳೆದು, ಗೌನು ಹಾಕಿಕೊಂಡು ಹೋದೆ. ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ ನಿಂತೆ. ಸಾಲಾಗಿ ಗಾಜಿನ ಪೆಟ್ಟಿಗೆಗಳು. ನಮ್ಮದು ಮೂರನೆಯದು ಎಂದು ತೋರಿಸಿದರು. ದೂರದಿಂದಲೇ ನೋಡಿ ಬಂದೆ.

“ನೋಡುದ್ರಾ?” ಎಂದು ಭಾವನಾ ತಲೆ ಎತ್ತಿದಳು.

“ಊಂ. ಚೆನ್ನಾಗೈತೆ.”

“ಚೆನ್ನಾಗೈತೆ ಅಂದ್ರೆ? ಹೆಂಗೈತೆ ಯೋಳಿ.”

ನೀರಿನ ಬಾಟಲಿ ತುಂಬಿಸಿಕೊಂಡು ಬರಲು ಹೊರಟೆ. ಅವಳು ಮತ್ತೆ ಮಲಗಿದಳು.

ರೀಡರು ಅವಳ ದಿಂಬಿನ ಪಕ್ಕ ಇದೆ. ಮೂರು ದಿನದಿಂದ ಯಾರೂ ಮುಟ್ಟಿಲ್ಲ.

ಅಕ್ಟೋಬರ್ 12, ಭಾನುವಾರ

ಬೆಳಿಗ್ಗೆ ಎಂಟಕ್ಕೆ ನಳಿಕೆ ತೆಗೆದರು. ತಾನೇ ಉಸಿರಾಡುತ್ತಿದೆ. ಇನ್ನು ಹೆದರಿಕೆಯಿಲ್ಲ ಎನ್ನಲು ಆಗದು, ಆದರೆ ದಾರಿ ಸರಿಯಿದೆ ಎಂದರು ಮಕ್ಕಳ ಡಾಕ್ಟರು.

ಹನ್ನೊಂದಕ್ಕೆ ಒಳಗೆ ಬಿಟ್ಟರು. ಈ ಸಲ ಪೆಟ್ಟಿಗೆಯ ಹತ್ತಿರಕ್ಕೆ ಹೋಗಿ, ಬಗ್ಗಿ, ನರ್ಸು ಸಾಕು ಎನ್ನುವ ತನಕ ನೋಡಿದೆ. ಮೇಲಿನಿಂದ ಕೆಳಗೆ, ಒಂದನ್ನೂ ಬಿಡದೆ. ವಾರ್ಡಿಗೆ ಬಂದು ಕುರ್ಚಿ ಎಳೆದುಕೊಂಡು ಹೇಗೆ ನೋಡಿದೆನೋ ಹಾಗೇ ಹೇಳಿದೆ.

ಟೋಪಿ ಹಾಕಿದ್ದಾರೆ. ಅಂಚಿನಲ್ಲಿ ಕೂದಲು ಕಾಣುತ್ತದೆ, ಕಪ್ಪು, ಹಣೆಗೆ ಅಂಟಿಕೊಂಡಿದೆ. ಹುಬ್ಬು ಇನ್ನೂ ಮೂಡಿಲ್ಲ, ಜಾಗ ಮಾತ್ರ ಇದೆ. ಮೂಗು ನಿನ್ನದು. ಮೇಲ್ದುಟಿಯಲ್ಲಿ ನಳಿಕೆಯ ಪಟ್ಟಿ ಅಂಟಿಸಿದ್ದ ಕಡೆ ಕೆಂಪಾಗಿದೆ. ಗಲ್ಲ ಇಲ್ಲವೇ ಇಲ್ಲ ಅನ್ನಿಸುತ್ತದೆ, ಆಕಳಿಸಿದಾಗ ಇದೆ ಎಂದು ಗೊತ್ತಾಯಿತು. ಹೌದು, ಆಕಳಿಸಿತು. ಎದೆ ನನ್ನ ಅಂಗೈಗಿಂತ ಚಿಕ್ಕದು, ಪಕ್ಕೆಲುಬು ಎಣಿಸಬಹುದು, ಬೇಗ ಬೇಗ ಏರಿಳಿಯುತ್ತದೆ. ಉಗುರು ಬೆರಳ ತುದಿಯವರೆಗೆ ಬಂದಿಲ್ಲ. ಎಡಗಾಲು ಮಡಚಿಕೊಂಡಿದ್ದಾಳೆ, ಬಲಗಾಲು ಚಾಚಿದ್ದಾಳೆ. ಬೆನ್ನ ಮೇಲೆ ತೆಳ್ಳಗೆ ನವಿರು ಕೂದಲಿದೆ. ನರ್ಸು ಕಾಲು ಸರಿಸಲು ಹೋದರೆ ಸಿಟ್ಟಾಗಿ ಒದ್ದಳು.

ಭಾವನಾ ಕಣ್ಣು ಮುಚ್ಚಿಕೊಂಡು ಕೇಳಿದಳು. ಕಣ್ಣಿನ ಅಂಚಿನಿಂದ ನೀರು ಇಳಿದು ದಿಂಬು ನೆನೆಯಿತು. ಬಗ್ಗಿ ಒರೆಸಿದೆ.

“ಇನ್ನೊಂದ್ಸಲ,” ಎಂದಳು.

ಮತ್ತೆ ಮೊದಲಿನಿಂದ ಹೇಳಿದೆ. ಹುಣಸೂರಿನ ಆಕೆಯೂ ಎದ್ದು ಕುಳಿತು ಕೇಳುತ್ತಿದ್ದರು.

“ಕಿವಿ ಹೆಂಗವೆ?” ಎಂದಳು ಭಾವನಾ.

ಟೋಪಿಯ ಒಳಗಿದ್ದವು. ನಾನು ನೋಡಿರಲಿಲ್ಲ.

ನಾಲ್ಕು ಗಂಟೆಗೆ ಟೋಪಿ ಬದಲಿಸುತ್ತಾರಂತೆ, ಆಗ ಮತ್ತೆ ಒಳಗೆ ಬಿಡುತ್ತಾರೆ. ಈಗ ಮೂರೂ ಮುಕ್ಕಾಲು. ಹೋಗಿ ಕೈ ತೊಳೆದುಕೊಳ್ಳಬೇಕು.